ನಾಲಿಗೆ ತೆಗೆಯೋಕೆ ಒಪ್ಪಿಗೆ

ಆ ಪೆನ್ನು ಮಾರಿದ್ದು ನಾನೇ, ಗ್ಯಾರಂಟಿ ಕಾರ್ಡಿಗೆ ಅಂಗಡಿಯ ಸೀಲು ಹೊಡೆದು ಕೊಟ್ಟಿದ್ದೂ ನಾನೇ. ಅದಕ್ಕೇ ಗಂಡ ಹೆಂಡತಿ ಇಬ್ಬರೂ ಭದ್ರಾವತಿಯಿಂದ ಬಸ್ಸು ಹತ್ತಿ ಬಂದು, ಶಿವಮೊಗ್ಗದ ಗಾಂಧಿ ಬಜಾರಿನ ನನ್ನ ಅಂಗಡಿ ಮುಂದೆ ನಿಂತು, "ಸಾಬ್ರೇ, ಇದು ಬರೀತಾನೇ ಇಲ್ಲ" ಅಂದಾಗ ನನಗೆ ಮೊದಲು ಬಂದದ್ದು ಕನಿಕರ ಅಲ್ಲ, ಸಿಟ್ಟು. ಇನ್ನೂ ಹೊಸ ವಾಸನೆ ಹೋಗದ ಪೆನ್ನು. ಹೊರದೇಶದ ಕಂಪನಿಯದ್ದು. ಡಬ್ಬ ನೋಡಿದರೆ ಒಳಗೆ ಬಂಗಾರದ ಸರ ಇದೆಯೇನೋ ಅನ್ನಿಸಬೇಕು, ಅಂಥದ್ದು. ಅದು ಕೆಟ್ಟಿದೆ ಅಂದರೆ ನಂಬೋ ಪೈಕಿ ನಾನಲ್ಲ.

"ಯಾವ ಇಂಕು ಹಾಕಿದ್ರಿ?" ಅಂತ ದಬಾಯಿಸಿದ ಹಾಗೇ ಕೇಳಿದೆ. ನಮ್ಮಲ್ಲಿ ಮುಕ್ಕಾಲು ಪಾಲು ಪೆನ್ನು ಸಾಯೋದು ಹಾಕುವವರ ಕೈಯಿಂದಲೇ. ಸ್ಟಾಂಪ್ ಪ್ಯಾಡಿನ ಇಂಕು ಹಾಕ್ತಾರೆ. ತಳ ಒಣಗಿದ ಬಾಟಲಿಗೆ ನಲ್ಲಿ ನೀರು ಬೆರೆಸಿ ಹಾಕ್ತಾರೆ. ಆಯುಧಪೂಜೆ ದಿನ ನಿಬ್ಬಿಗೇ ಅರಿಶಿನ ಕುಂಕುಮ ಮೆತ್ತಿ, ಆಮೇಲೆ "ಯಾಕೋ ಹಿಡ್ಕೊಂಡಿದೆ ನೋಡಿ" ಅಂತ ತರ್ತಾರೆ. ಇದೂ ಅಂಥದ್ದೇ ಏನೋ ಅಂದುಕೊಂಡೆ.

ಯಜಮಾನರು ಏನೋ ಹೇಳಿದರು. ನನಗೆ ಅರ್ಥವಾಗಲಿಲ್ಲ. ಬಾಯಿ ತುಂಬ ಏನೋ ಇಟ್ಟುಕೊಂಡು ಮಾತಾಡಿದ ಹಾಗಿತ್ತು. "ಮೊದ್ಲು ಆ ಎಲೆ ಅಡಿಕೆ ಉಗಿದು ಬನ್ನಿ ಮಾರಾಯ್ರೇ, ಆಮೇಲೆ ಮಾತಾಡಣ" ಅಂದೆ, ತಮಾಷೆಗೆ. ಅವರು ನಗಲಿಲ್ಲ. ಕೈಯನ್ನು ಬಾಯಿಗೆ ಅಡ್ಡ ಹಿಡಿದು ಮುಖ ಆಚೆ ತಿರುಗಿಸಿದರು. ಅವರ ಹೆಂಡತಿ ಕೌಂಟರಿಗೆ ಹತ್ತಿರ ಬಂದು, ಅಕ್ಕಪಕ್ಕದವರಿಗೆ ಕೇಳಿಸಬಾರದು ಅನ್ನೋ ಹಾಗೆ ದನಿ ತಗ್ಗಿಸಿದರು.

"ಬಾಯಲ್ಲಿ ಹುಣ್ಣಾಗಿದೆ ಸಾಬ್ರೇ. ಆಪರೇಶನ್ ಹೇಳಿದಾರೆ. ಆಮೇಲೆ ಸ್ವಲ್ಪ ದಿನ ಮಾತಾಡೋ ಹಾಗಿಲ್ವಂತೆ. ಏನಿದ್ರೂ ಬರೆದೇ ಹೇಳ್ಬೇಕು. ಅದಕ್ಕೇ ಅಂತ್ಲೇ ಈ ಪೆನ್ನು ತಗೊಂಡಿದ್ದು."

ನನ್ನ ನಗು ಮುಖದ ಮೇಲೇ ಒಣಗಿತು. ಯಾ ಅಲ್ಲಾ, ನನ್ನ ಬಾಯಿಗೊಂದು ಬೀಗ ಹಾಕೋರು ಯಾರೂ ಇಲ್ಲವಲ್ಲ ಅನ್ನಿಸಿತು. ಸ್ಟೂಲು ಎಳೆದು ಅವರನ್ನು ಕೂರಿಸಿದೆ, ನೀರು ಕೊಟ್ಟೆ. ಹುಣ್ಣು ಅಂದರೆ ಎಂಥ ಹುಣ್ಣು ಅಂತ ಕೇಳಲಿಲ್ಲ. ನಮ್ಮ ಕಡೆ ಆ ಕಾಯಿಲೆಯ ಹೆಸರನ್ನು ಮನೆಯವರು ಬಾಯಿಂದ ತೆಗೆಯೋದಿಲ್ಲ, ಬೇರೆಯವರು ಕೇಳೋದಿಲ್ಲ.

ಬಾಲ್ ಪೆನ್ನು ಯಾಕಾಗಲ್ಲ ಅಂತ ಮಾತ್ರ ಕೇಳಿದೆ. ಯಜಮಾನರು ಬಲಗೈ ಮುಂದೆ ಚಾಚಿದರು. ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದವರು. ಯಾವತ್ತೋ ಸರಪಳಿಗೆ ಸಿಕ್ಕಿ ಹೆಬ್ಬೆರಳು, ತೋರುಬೆರಳು ಎರಡೂ ಜಜ್ಜಿ ಹೋಗಿ, ಗಂಟಿನ ಹತ್ತಿರ ಮಡಚುವುದಿಲ್ಲ. ಒತ್ತಿ ಬರೆದರೆ ಮೊಳಕೈ ತನಕ ನೋವಂತೆ. ಇಂಕ್ ಪೆನ್ನಾದರೆ ಒತ್ತುವುದೇ ಬೇಡ, ಕಾಗದಕ್ಕೆ ತಾಗಿಸಿದರೆ ಸಾಕು. "ಮೊಬೈಲ್‌ನಲ್ಲಿ ಟೈಪ್ ಮಾಡ್ಬಹುದಲ್ಲ" ಅಂದೆ. "ಇವರ ಬೆರಳು ಮುಟ್ಟಿದ್ರೆ ಅದಕ್ಕೆ ಗೊತ್ತೇ ಆಗಲ್ಲ ಸಾಬ್ರೇ, ಅಷ್ಟು ಒರಟು" ಅಂತ ಹೆಂಡತಿ ಹೇಳಿದರು. ಹೇಳುವಾಗ ಆ ಬೆರಳನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡಿದ್ದರು.

ಕಾಗದ ಕೊಟ್ಟೆ. ಬರೆದರು. ಅಕ್ಷರ ಎಷ್ಟು ದುಂಡಗಿತ್ತು ಅಂದರೆ ನಾನು ಪೆನ್ನನ್ನೇ ಮರೆತೆ. ಅರ್ಧ ಹಾಳೆ ತನಕ ಸರಾಗ. ಆಮೇಲೆ ಅಕ್ಷರ ತೆಳುವಾಯಿತು, ಒಂದು ಒತ್ತಕ್ಷರದ ಹತ್ತಿರ ಬರೀ ಗೀರು ಬಿತ್ತು, ನಿಂತೇ ಹೋಯಿತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆರಡು ಸಾಲು, ಮತ್ತೆ ಗೀರು. ಒಳಗೆ ಇಂಕು ತುಂಬಿಕೊಂಡೇ ಇದೆ. ಆಪರೇಶನ್‌ಗೆ ಸೇರುವ ಮುಂಚೆ ಸರಿಮಾಡಿ ಕೊಡ್ತೀನಿ ಅಂತ ಮಾತು ಕೊಟ್ಟೆ. ಮಾತು ಕೊಡುವಾಗ ಇದೊಂದು ಅರ್ಧ ಗಂಟೆಯ ಕೆಲಸ ಅಂತಲೇ ನನ್ನ ಲೆಕ್ಕ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಿಬಿಡಬೇಕು. ನಿಬ್ಬಿನ ಹೊಟ್ಟೆಗೆ ಅಂಟಿಕೊಂಡ ಹಾಗೆ ಕಪ್ಪಗೆ, ಉದ್ದಕ್ಕೆ ಒಂದು ತುಂಡು ಇರುತ್ತದಲ್ಲ, ಪುಸ್ತಕದಲ್ಲಿ ಅದಕ್ಕೆ ಫೀಡ್ ಅಂತ ಹೆಸರು. ಈ ಕೆಲಸ ನನಗೆ ಕಲಿಸಿದ ಅಬ್ಬಾ ಮನೆಮಾತಿನಲ್ಲಿ ಅದನ್ನು ಜೀಬ್ ಅಂತಿದ್ದರು, ಗಿರಾಕಿಗಳ ಹತ್ತಿರ ನಾಲಿಗೆ ಅಂತಿದ್ದರು. ನಾನೂ ಹಾಗೇ ಅಂತೀನಿ. ನಾಲಿಗೆ ಕಚ್ಚಿಕೊಂಡಿದೆ, ನಾಲಿಗೆ ತೊಳಿಬೇಕು, ನಾಲಿಗೆ ಬದಲಾಯಿಸಬೇಕು, ಬೆಳಗಾದರೆ ಇದೇ ಮಾತು. ಪೆನ್ನಿನ ಗಿರಾಕಿಗಳು ಯಾರೂ ಇದುವರೆಗೆ ಹುಬ್ಬು ಏರಿಸಿದ್ದಿಲ್ಲ.

ಆ ನಾಲಿಗೆಯಲ್ಲಿ ಎರಡು ದಾರಿ. ಇಂಕು ಕೆಳಗಿಳಿಯೋಕೆ ಕೂದಲಿನಷ್ಟು ಸಣ್ಣ ಗೀರು, ಗಾಳಿ ಮೇಲೆ ಹೋಗೋಕೆ ಅದರ ಪಕ್ಕದಲ್ಲೇ ಸ್ವಲ್ಪ ಅಗಲದ ಕಾಲುವೆ. ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದರೆ ಎಣ್ಣೆ ಬರುತ್ತಾ? ಎರಡನೇ ತೂತು ಬೇಕಲ್ಲ, ಹಾಗೆ.

ನಾನು ಮೊದಲು ನಾಲಿಗೆಯ ಮೇಲೆ ಅನುಮಾನಪಡಲೇ ಇಲ್ಲ. ಹೊಸ ಪೆನ್ನು, ಯಂತ್ರದಲ್ಲಿ ಮಾಡಿದ್ದು, ಅದು ಹೇಗೆ ತಪ್ಪುತ್ತೆ? ಇಂಕಿನ ಕೊಳವೆ ಕೂರುವ ಹಿಂದಿನ ತೂತಿಗೆ, ಒತ್ತಿದರೆ ನೀರು ಚಿಮ್ಮುವ ರಬ್ಬರಿನ ಬುರುಡೆಯಿಂದ ಸೋಪಿನ ನೀರು ಬಿಟ್ಟು ತೊಳೆದೆ. ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ನಿಬ್ಬಿನ ಸೀಳು ನೋಡಿದೆ, ಸರಿಯಾಗಿತ್ತು. ಆದರೂ ತೆಳು ಹಿತ್ತಾಳೆ ಪಟ್ಟಿ ಅದರೊಳಗೆ ಹಾಯಿಸಿದೆ. ಇಂಕು ಬದಲಾಯಿಸಿದೆ. ಒಳಗಿನ ಇಂಕು ಕೊಳವೆಯಲ್ಲಿ ಮೇಲೇ ಅಂಟಿಕೊಂಡು ಕೆಳಗಿಳಿಯುತ್ತಿಲ್ಲವೇನೋ ಅಂತ ಒಂದು ಸಣ್ಣ ಸ್ಟೀಲ್ ಗುಂಡು ಹಾಕಿ ಅಲ್ಲಾಡಿಸಿದೆ. ಪ್ರತಿ ಸಲವೂ ಶಿವಮೊಗ್ಗ, ಶಿವಮೊಗ್ಗ ಅಂತ ಬರೆಯೋದು, ಅರ್ಧ ಹಾಳೆಗೆ ಬಂದಾಗ ಅದು ಶಿವಮೊ ಅಂತ ನಿಲ್ಲೋದು. ಅರ್ಧ ಗಂಟೆಯ ಕೆಲಸ ಸಂಜೆಯ ತನಕ ಎಳೆಯಿತು. ನನಗೆ ರೇಗಿಹೋಯಿತು.

ಪೂರ್ತಿ ಬಿಚ್ಚಿದರೆ ಗೊತ್ತಾಗುತ್ತಿತ್ತು. ಆದರೆ ನಿಬ್ಬು ಕೂರುವ ಜಾಗದಲ್ಲಿ ಕಂಪನಿಯವರು ಒಂದು ಹನಿ ಅಂಟು ಹಾಕಿದ್ದರು. ಅದು ಒಡೆದಿದೆ ಅಂತ ಕಂಡರೆ ಗ್ಯಾರಂಟಿ ಖಲಾಸ್. ಗಿರಾಕಿಗೂ ಇಲ್ಲ, ನನಗೂ ಇಲ್ಲ. ಇಷ್ಟು ದುಬಾರಿ ಪೆನ್ನಿಗೆ ನಾನು ಕೈ ಹಾಕಿ ಕೆಟ್ಟರೆ ಆ ಬಡಪಾಯಿಗಳಿಗೆ ಏನು ಉತ್ತರ ಕೊಡಲಿ? ಗ್ಯಾರಂಟಿ ಇದೆಯಲ್ಲ, ಕಂಪನಿಯವರೇ ನೋಡಿಕೊಳ್ಳಲಿ ಅಂತ ಫೋನ್ ಹಚ್ಚಿದೆ.

ಒಂದು ಒತ್ತಿ, ಎರಡು ಒತ್ತಿ, ಸಂಗೀತ ಕೇಳಿ, ಕೊನೆಗೆ ಒಬ್ಬ ಹುಡುಗಿಯ ದನಿ ಬಂತು. ಅವಳ ಹಿಂದಿ ಒಂದು ಥರ, ನನ್ನ ಬಜಾರಿನ ಹಿಂದಿ ಇನ್ನೊಂದು ಥರ. ಪೆನ್ನಿನ ಫೋಟೋ ಕಳಿಸಿ ಅಂದಳು, ಕಳಿಸಿದೆ. ಕಾರ್ಡಿನ ಫೋಟೋ ಕಳಿಸಿದೆ. ಬರೆಯುವ ವಿಡಿಯೋ ಬೇಕು ಅಂದಳು. ವಿಡಿಯೋ ತುಂಬ ಉದ್ದ ಆಯಿತು, ಕತ್ತರಿಸಿ ಕಳಿಸಿ ಅಂದಳು. ಕತ್ತರಿಸಿದೆ. ಆಮೇಲೆ ಪೆನ್ನನ್ನೇ ಕೊರಿಯರ್ ಮಾಡಿ ಅಂತ ಮೇಲ್ ಬಂತು. ಮಾಡಿದೆ. ಭದ್ರಾವತಿಯಿಂದ ಆ ಅಮ್ಮ ಅಂಗಡಿಯ ಫೋನಿಗೆ ಮಾಡಿ "ಬಂತಾ ಸಾಬ್ರೇ?" ಅಂತ ಕೇಳೋರು. "ಬರುತ್ತೆ ಅಮ್ಮಾ, ಕಂಪನಿಯೋರ ಕೈ ಸೇರಿದೆ" ಅಂತ ನಾನು ಧೈರ್ಯ ಹೇಳೋನು.

ಬಂತು. ಹೊಸ ಡಬ್ಬ, ಒಳಗೆ ಅದೇ ಪೆನ್ನು, ಜೊತೆಗೊಂದು ಚೀಟಿ. ಪರೀಕ್ಷಿಸಲಾಗಿದೆ, ದೋಷ ಕಂಡುಬಂದಿಲ್ಲ ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ನಾನು ಅಲ್ಲೇ ಕೂತು ಶಿವಮೊಗ್ಗ ಬರೆಯೋಕೆ ಶುರು ಮಾಡಿದೆ. ಅರ್ಧ ಹಾಳೆ. ಶಿವಮೊ.

ದಂಗಾಗಿ ಕೂತುಬಿಟ್ಟೆ. ದೇಶದ ಆ ತುದಿಗೆ ಹೋಗಿ ಬಂದ ಪೆನ್ನು ಹೋದ ಹಾಗೇ ಬಂದಿದೆ! ಮತ್ತೆ ಫೋನ್. ಅದೃಷ್ಟಕ್ಕೆ ಅದೇ ಹುಡುಗಿ ಸಿಕ್ಕಳು. "ಪರೀಕ್ಷೆ ಅಂದ್ರೆ ಏನು ಮಾಡ್ತಾರಮ್ಮ?" ಅಂತ ಕೇಳಿದೆ.

"ಬರೆದು ನೋಡ್ತಾರೆ ಸರ್."

"ಎಷ್ಟು ಬರೀತಾರೆ?"

"ಎರಡು ಮೂರು ಸಾಲು ಇರಬಹುದು ಸರ್. ಇಂಕಲ್ಲಿ ಅದ್ದಿ ನೋಡ್ತಾರೆ ಅನ್ಸುತ್ತೆ."

ಅದ್ದಿ ಬರೆದರೆ ಎಂಥ ಪೆನ್ನೂ ಬರೆಯುತ್ತದೆ, ಕಡ್ಡಿ ಅದ್ದಿದರೂ ಬರೆಯುತ್ತದೆ! ನಾನು ಕೂಗಾಡಿದೆ. ಪಾಪ, ಆ ಹುಡುಗಿ ಪೂರ್ತಿ ಕೇಳಿಸಿಕೊಂಡು ಹೇಳಿದಳು, "ಸರ್, ನಿಮ್ಮ ಪೆನ್ನನ್ನ ನಾನು ಕಣ್ಣಲ್ಲಿ ನೋಡೇ ಇಲ್ಲ. ನನ್ನ ಮುಂದೆ ಇರೋದು ಸ್ಕ್ರೀನು. ಇನ್ನೊಂದ್ಸಲ ಕಳಿಸಿ, ಪೂರ್ತಿ ಎರಡು ಪುಟ ಬರೆದು ನೋಡಿ ಅಂತ ನಾನೇ ನೋಟ್ ಹಾಕ್ತೀನಿ." ಒಳ್ಳೆಯ ಮಾತೇ. ಆದರೆ ಅಷ್ಟು ದಿನ ನಮ್ಮ ಹತ್ತಿರ ಇರಲಿಲ್ಲ. ಯಜಮಾನರು ಆಸ್ಪತ್ರೆಗೆ ಸೇರೋದು ಮುಂದಿನ ಸೋಮವಾರ.

ಮಾರನೇ ದಿನ ಆ ಅಮ್ಮ ಅಂಗಡಿಗೆ ಬಂದರು. ಶಿವಮೊಗ್ಗದ ಆಸ್ಪತ್ರೆಗೆ ತೋರಿಸಿಕೊಂಡು ಬರುತ್ತಿದ್ದರು. ಯಜಮಾನರು ಒಳಗೆ ಬರಲಿಲ್ಲ, ರಸ್ತೆಯ ಆಚೆ ಬದಿ ಹೂವಿನ ಗಾಡಿ ಪಕ್ಕ ನಿಂತಿದ್ದರು. ನಾನು ಕೈ ಎತ್ತಿದೆ, ಅವರು ನೋಡಲಿಲ್ಲ.

"ಏನಂದ್ರು ಅಮ್ಮಾ ಡಾಕ್ಟ್ರು?"

"ನಾನು ಔಷಧಿ ಕ್ಯೂನಲ್ಲಿದ್ದೆ ಸಾಬ್ರೇ, ಇವರೊಬ್ರೇ ಒಳಗೆ ಹೋಗಿದ್ರು. ಸ್ಕ್ಯಾನಿಂಗ್ ನೋಡಿ ಇನ್ನೊಬ್ಬ ದೊಡ್ಡ ಡಾಕ್ಟ್ರನ್ನ ಕೇಳ್ಬೇಕಂತೆ. ಎಷ್ಟು ಆಪರೇಶನ್ ಮಾಡ್ಬೇಕು ಅಂತ ಫೋನ್ ಮಾಡಿ ಹೇಳ್ತಾರಂತೆ. ಮನೇಲಿರೋದು ನನ್ನ ಫೋನೊಂದೇ. ಕೈಯಲ್ಲೇ ಹಿಡ್ಕೊಂಡು ಓಡಾಡ್ತಿದೀನಿ."

ಕಂಪನಿಯ ಚೀಟಿ ತೋರಿಸೋಕೆ ನನಗೆ ಮುಖ ಇರಲಿಲ್ಲ. "ಪೆನ್ನು ನನ್ನ ಹತ್ರಾನೇ ಇರ್ಲಿ, ಶನಿವಾರದೊಳಗೆ ಕೊಡ್ತೀನಿ" ಅಂದೆ. "ಕೊಡಿ ಸಾಬ್ರೇ. ಅವರು ನೋವು ಅಂತ ಹೇಳೋಕಾದ್ರೂ ಏನಾದ್ರೂ ಬೇಕಲ್ಲ" ಅಂತ ಹೇಳಿ ರಸ್ತೆ ದಾಟಿದರು.

ಶುಕ್ರವಾರ ನಮಾಜ್ ಮುಗಿಸಿ ಬಂದವನು ಬೇರೆ ಗಿರಾಕಿಗಳನ್ನೆಲ್ಲ ಆಮೇಲೆ ಬನ್ನಿ ಅಂತ ಕಳಿಸಿ, ಟೇಬಲ್ ದೀಪ ಹತ್ತಿಸಿ ಕೂತೆ. ಕೊಳವೆ ತೆಗೆದೆ. ಹಿಂದಿನ ತೂತನ್ನು ದೀಪದ ಕಡೆ ಹಿಡಿದು ಒಳಗೆ ಬಗ್ಗಿ ನೋಡಿದೆ. ನಾಲಿಗೆಯ ಹಿಂಬದಿ ತುದಿ ಕಾಣುತ್ತದೆ ಅಲ್ಲಿ. ಇಂಕಿನ ಗೀರು ಸರಿಯಾಗಿತ್ತು. ಅದರ ಪಕ್ಕ ಗಾಳಿಯ ಕಾಲುವೆ ಇರಬೇಕಾದ ಜಾಗ ನುಣ್ಣಗಿತ್ತು.

ಕಣ್ಣು ಉಜ್ಜಿಕೊಂಡೆ. ಲೆನ್ಸ್ ಒರೆಸಿದೆ. ಮತ್ತೆ ನೋಡಿದೆ. ಕಾಲುವೆ ಮುಂದಿನಿಂದ ಬಂದು, ತುದಿ ಮುಟ್ಟುವ ಮುಂಚೆ ನಿಂತುಬಿಟ್ಟಿತ್ತು. ಅಚ್ಚಿನಲ್ಲಿ ಎರಕ ಹೊಯ್ಯುವಾಗ ಪ್ಲಾಸ್ಟಿಕ್ ಅಲ್ಲಿ ಉಳಿದುಕೊಂಡು ಗಟ್ಟಿಯಾಗಿದೆ. ಕೊಳೆಯಲ್ಲ, ಕಸವಲ್ಲ. ಹುಟ್ಟಿದ್ದೇ ಹಾಗೆ. ಒಂದು ದಿನವೂ ಆ ಪೆನ್ನು ಉಸಿರಾಡಿಲ್ಲ! ನಾನು ಅದಕ್ಕೆ ಸೋಪು ಹಾಕಿ ತೊಳೆದಿದ್ದೇನು, ಗುಂಡು ಹಾಕಿ ಅಲ್ಲಾಡಿಸಿದ್ದೇನು. ನನ್ನ ಮೇಲೇ ನಗು ಬಂತು, ಕಂಪನಿಯ ಮೇಲೆ ಮೈಯೆಲ್ಲ ಉರಿಯಿತು.

ಇನ್ನು ದಾರಿ ಒಂದೇ. ಅಂಟು ಒಡೆದು, ಆ ನಾಲಿಗೆ ಕಿತ್ತು, ಬೇರೆ ಹಾಕೋದು. ಗ್ಯಾರಂಟಿ ಹೋಗುತ್ತೆ, ಹೋಗಲಿ. ಆದರೆ ಪೆನ್ನು ನನ್ನದಲ್ಲ. ಕೇಳದೆ ಗ್ಯಾರಂಟಿ ಕಳೆಯೋ ಹಕ್ಕು ನನಗಿಲ್ಲ. ಬಿಲ್ಲಿನಲ್ಲಿ ಬರೆದುಕೊಂಡಿದ್ದ ನಂಬರಿಗೆ ನನ್ನ ಮೊಬೈಲಿನಿಂದ ಮಾಡಿದೆ, ಬಿಜಿ ಬಂತು. ಕೈಗೆಲ್ಲ ಇಂಕು. ವಾಯ್ಸ್ ಮೆಸೇಜ್ ಹಾಕೋಣ ಅಂತ ಬಟನ್ ಒತ್ತಿ, ಒಂದೇ ಉಸಿರಿಗೆ ಹೇಳಿದೆ.

"ನಮಸ್ಕಾರ ಅಮ್ಮಾ, ಶಿವಮೊಗ್ಗದಿಂದ ಮಾತಾಡ್ತಿರೋದು. ಲೆನ್ಸ್ ಹಾಕಿ ಸರಿಯಾಗಿ ನೋಡಿದೆ. ತೊಂದ್ರೆ ಇರೋದೆಲ್ಲ ನಾಲಿಗೇಲೇ. ತೊಳ್ದು ಗಿಳ್ದು ಸರಿಹೋಗೋ ಅಂಥದ್ದಲ್ಲ, ಪೂರ್ತಿ ತೆಗೀಲೇಬೇಕು. ತೆಗೆದ್ಮೇಲೆ ಏನಾದ್ರೂ ಆದ್ರೆ ಮೇಲಿನೋರು ಜವಾಬ್ದಾರಿ ತಗೊಳಲ್ಲ, ಅದನ್ನ ಮೊದ್ಲೇ ಹೇಳ್ಬಿಡ್ತೀನಿ. ಯಜಮಾನ್ರನ್ನ ಕೇಳಿ ನಿಮ್ಮ ಒಪ್ಪಿಗೆ ಕೊಡಿ. ಒಪ್ಪಿಗೆ ಕೊಟ್ರೆ ಇವತ್ತೇ ತೆಗೀತೀನಿ."

ಕಳಿಸಿ, ಅಬ್ಬಾನ ಹಳೇ ತಗಡಿನ ಡಬ್ಬ ತೆಗೆದು ಅಳತೆಗೆ ಸರಿಹೋಗೋ ನಾಲಿಗೆ ಹುಡುಕುತ್ತಾ ಕೂತೆ. ಎಬೊನೈಟ್ ಅಂತ ಗಟ್ಟಿ ರಬ್ಬರಿನದ್ದು, ಕೈಯಲ್ಲಿ ಕೊರೆದದ್ದು. ಮೊಬೈಲಿನಲ್ಲಿ ಮೆಸೇಜಿನ ಪಕ್ಕ ನೀಲಿ ಗೀಟು ಬಿತ್ತು. ಕೇಳಿಸಿಕೊಂಡಿದ್ದಾರೆ. ಉತ್ತರ ಇಲ್ಲ. ಹೂಂ ಅನ್ನೋಕೆ ಏನು ಕಷ್ಟ ಇವರಿಗೆ ಅಂತ ಗೊಣಗಿಕೊಂಡೆ.

ಆಮೇಲೆ ಫೋನ್ ಬಂತು. ಎತ್ತಿದೆ. ಅಳು. ಮಾತೇ ಇಲ್ಲ, ಬರೀ ಅಳು. ನಡುವೆ ಒಂದು ಮಾತು.

"ಡಾಕ್ಟ್ರೇ, ಪೂರ್ತಿ ಅಂದ್ರೆ ಪೂರ್ತಿನಾ?"

"ಯಾರಮ್ಮಾ?" ಅಂದೆ.

"ಸ್ವಲ್ಪನಾದ್ರೂ ಉಳಿಸಿ ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ. ಬರೀ ಹುಣ್ಣು ಅಂದಿದ್ರಲ್ಲ. ಅವರ ಎದುರಿಗೇ ಹಾಕ್ಬಿಟ್ಟೆ ಸಾರ್ ನಿಮ್ಮ ಮೆಸೇಜು. ಕೇಳಿ ಎದ್ದು ಹೋಗ್ಬಿಟ್ರು. ಎಲ್ಲಿಗೆ ಅಂತಾನೂ ಹೇಳ್ಲಿಲ್ಲ..."

ದನಿಯ ಗುರುತು ಹತ್ತಿದ್ದು ಆಗ. ಬಾಯಲ್ಲಿ ಹುಣ್ಣು ಅಂತ ಗೊತ್ತಿತ್ತು, ಅದು ಇರೋದು ನಾಲಿಗೆಯಲ್ಲೇ ಅಂತ ನನಗೆ ಅಲ್ಲಿಯ ತನಕ ಗೊತ್ತೇ ಇರಲಿಲ್ಲ. ನಾನು ಹೇಳಿದ ಒಂದೊಂದು ಮಾತೂ ವಾಪಸ್ ಬಂದು ಕಿವಿಗೆ ಬಡಿಯಿತು. ಪೆನ್ನು ಅನ್ನೋ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಅಂಗಡಿ ಅಂತಾನೂ ಇರಲಿಲ್ಲ. "ಅಮ್ಮಾ, ಅಮ್ಮಾ, ನಾನು ಡಾಕ್ಟ್ರಲ್ಲ, ಪೆನ್ನಿನ ಅಂಗಡಿ..." ಅಂತ ತೊದಲಿದೆ. ಅವರ ಕಿವಿಗೆ ಬಿತ್ತೋ ಇಲ್ಲವೋ, ಫೋನ್ ಕಟ್ ಆಯಿತು. ತಿರುಗಿ ಮಾಡಿದೆ, ಬಿಜಿ. ಮತ್ತೆ ಮಾಡಿದೆ, ಬಿಜಿ. ಊರಿನವರಿಗೆಲ್ಲ ಮಾಡುತ್ತಿದ್ದರೇನೋ. ಇನ್ನೊಂದು ವಾಯ್ಸ್ ಮೆಸೇಜ್ ಹಾಕೋಕೆ ನನ್ನ ಬಾಯಿ ಮೇಲೇ ನನಗೆ ನಂಬಿಕೆ ಇರಲಿಲ್ಲ, ಟೈಪ್ ಮಾಡೋಕೆ ಹೋದರೆ ಅಕ್ಷರವೇ ಸಿಗಲಿಲ್ಲ.

ಪೆನ್ನು, ಲೆನ್ಸ್, ಇಂಕಿನ ಬಾಟಲಿ, ಅಬ್ಬಾನ ಡಬ್ಬ ಎಲ್ಲ ಒಂದು ಚೀಲಕ್ಕೆ ಸುರಿದುಕೊಂಡು, ಶಟರ್ ಎಳೆದು ಸ್ಕೂಟರ್ ಹತ್ತಿದೆ. ಮಾಚೇನಹಳ್ಳಿ ಯಾವಾಗ ದಾಟಿತೋ ಗೊತ್ತಿಲ್ಲ. ಎದ್ದು ಹೋದರು, ಎಲ್ಲಿಗೆ ಅಂತ ಹೇಳಲಿಲ್ಲ ಅನ್ನೋ ಮಾತೊಂದೇ ತಲೆಯಲ್ಲಿ ತಿರುಗುತ್ತಿತ್ತು. ಭದ್ರಾವತಿಯಲ್ಲಿ ಹೊಳೆಯ ಸೇತುವೆ ಮೇಲೆ ಸ್ಕೂಟರ್ ನಿಧಾನ ಮಾಡಿ ಎರಡೂ ಕಡೆ ನೀರನ್ನು ನೋಡಿದೆ. ಯಾಕೆ ನೋಡುತ್ತಿದ್ದೀನಿ ಅಂತ ನನಗೆ ನಾನೇ ಹೇಳಿಕೊಳ್ಳೋಕೂ ಭಯ. ಹಿಂದಿನ ಲಾರಿಯವನು ಹಾರ್ನ್ ಹೊಡೆದು ಬೈದ.

ಗ್ಯಾರಂಟಿ ಕಾರ್ಡಿನಲ್ಲಿ ವಿಳಾಸ ಇತ್ತು. ಕಾರ್ಖಾನೆಯ ಹಳೇ ಕ್ವಾಟ್ರಸ್ ಸಾಲು. ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಒಬ್ಬರು ದಾರಿ ತೋರಿಸಿದರು. ಮನೆ ಮುಂದೆ ಮೆಟ್ಟಿಲ ಮೇಲೆ ಯಜಮಾನರು ಕೂತಿದ್ದರು. ಅವರನ್ನು ಕಂಡದ್ದೇ ಸ್ಕೂಟರಿಗೆ ಸ್ಟ್ಯಾಂಡೂ ಹಾಕದೆ ಗೋಡೆಗೆ ಒರಗಿಸಿ ಇಳಿದೆ.

ಆ ಅಮ್ಮ ಬಾಗಿಲಿಗೆ ಬಂದರು. ಕಣ್ಣು ಊದಿಕೊಂಡಿತ್ತು. "ನೀವ್ಯಾಕೆ ಬಂದ್ರಿ ಸಾಬ್ರೇ? ಎಲ್ಲ ಮುಗೀತು. ಇನ್ನು ಪೆನ್ನು ತಗೊಂಡು ಏನ್ ಮಾಡ್ಲಿ?"

"ಅಮ್ಮಾ, ಆ ಮೆಸೇಜು ಕಳಿಸಿದ್ದು ನಾನು" ಅಂದೆ.

ಅವರ ತಲೆಗೆ ಹೋಗಲಿಲ್ಲ. ಪೆನ್ನಿನ ಮುಚ್ಚಳ ತೆಗೆದು, ನಿಬ್ಬಿನ ಕೆಳಗೆ ಬೆರಳಿಟ್ಟು ತೋರಿಸಿದೆ. "ಇದು ನೋಡಿ. ಇದಕ್ಕೆ ನಾವು ನಾಲಿಗೆ ಅಂತೀವಿ. ಇದನ್ನ ತೆಗೀಬೇಕು ಅಂತ ಹೇಳಿದ್ದು ನಾನು. ಪೆನ್ನಿನ ನಾಲಿಗೆ ಅಮ್ಮಾ. ಯಜಮಾನ್ರದ್ದಲ್ಲ, ಅಲ್ಲಾನಾಣೆಗೂ ಅಲ್ಲ."

ಅವರು ಸೊಂಟದಿಂದ ಫೋನ್ ತೆಗೆದು ಮೆಸೇಜನ್ನು ಮತ್ತೆ ಹಾಕಿದರು. ಮೂವರೂ ನಿಂತು ನನ್ನ ದನಿಯನ್ನೇ ಕೇಳಿದೆವು. ನೆಲ ಬಾಯಿ ಬಿಡಬಾರದಾ ಅನ್ನಿಸುತ್ತಿತ್ತು ನನಗೆ. ಮುಗಿದ ಮೇಲೆ ಅವರು ನನ್ನನ್ನು ನೋಡಿದರು, ಪೆನ್ನನ್ನು ನೋಡಿದರು, ಆಮೇಲೆ ಒಂದು ಥರ ಕಿರುಚಿದರು. "ನಿಮ್ಮ ಬಾಯಿಗಿಷ್ಟು ಮಣ್ಣು ಹಾಕ! ಪೆನ್ನಿಗೆ ಯಾರಾದ್ರೂ ನಾಲಿಗೆ ಅಂತಾರೇನ್ರೀ! ನಾನು ಸತ್ತೇ ಹೋಗಿದ್ದೆ!" ಅಂತ ನನ್ನ ತೋಳಿಗೆ ಎರಡು ಏಟು ಹಾಕಿಯೇಬಿಟ್ಟರು. ಹೊಡೀತಾ ಹೊಡೀತಾ ನಗು ಬಂತು ಅವರಿಗೆ, ನಗುತ್ತಾ ಅಳು ಬಂತು. ಒಳಗೆ ಓಡಿ ದೇವರ ಫೋಟೋದ ಮುಂದೆ ಕೈ ಮುಗಿದು ಬಂದರು. ನಾನೂ ನಕ್ಕೆ. ಬದುಕಿದೆ ಅನ್ನಿಸಿತು.

ಯಜಮಾನರು ನಗಲಿಲ್ಲ. ಸಿಟ್ಟು ಬಂದಿರಬೇಕು, ಬರಲೇಬೇಕಲ್ಲ ಅಂದುಕೊಂಡೆ. "ತಪ್ಪಾಯ್ತು ಯಜಮಾನ್ರೇ" ಅಂದೆ. ಅವರು ಪೆನ್ನಿನ ಕಡೆ ಕೈ ತೋರಿಸಿ, ಕಷ್ಟಪಟ್ಟು, "ತೆಗೀರಿ" ಅಂದರು.

"ಗ್ಯಾರಂಟಿ ಹೋಗುತ್ತೆ."

"ಹೋಗ್ಲಿ. ಇಲ್ಲೇ ತೆಗೀರಿ."

ಬಿಸಿನೀರು ತರಿಸಿದೆ. ನಿಬ್ಬಿನ ತುದಿಯನ್ನು ಅದರಲ್ಲಿ ಹಿಡಿದು, ಅಂಟು ಮೆತ್ತಗಾಗೋ ತನಕ ಕಾದೆ. ಸೈಕಲ್ ಟ್ಯೂಬಿನ ತುಂಡಿನಲ್ಲಿ ನಿಬ್ಬನ್ನೂ ನಾಲಿಗೆಯನ್ನೂ ಒಟ್ಟಿಗೆ ಹಿಡಿದು, ತಿರುಗಿಸದೆ ನೇರಕ್ಕೆ ಎಳೆದೆ. ಟಕ್ ಅಂತ ಅಂಟು ಬಿಟ್ಟಿತು. ಗ್ಯಾರಂಟಿ ಅಲ್ಲಿಗೆ ಮುಗಿಯಿತು. ಹೊರಗೆ ಬಂದ ಕಪ್ಪು ತುಂಡನ್ನು ಯಜಮಾನರು ಅಂಗೈಯಲ್ಲಿ ಇಸಿದುಕೊಂಡು ಬಹಳ ಹೊತ್ತು ನೋಡಿದರು. ನಾನು ಅಬ್ಬಾನ ಡಬ್ಬದ ನಾಲಿಗೆಯನ್ನು ಬಿಸಿನೀರಲ್ಲಿ ಅದ್ದಿ, ಮೆತ್ತಗಾದಾಗ ನಿಬ್ಬಿನ ಹೊಟ್ಟೆಗೆ ಹೆಬ್ಬೆರಳಲ್ಲಿ ಒತ್ತಿ, ಎರಡರ ನಡುವೆ ಬೆಳಕು ಕಾಣದ ಹಾಗೆ ಕೂರಿಸಿದೆ. ತಣ್ಣಗಾದ ಮೇಲೆ ಜೋಡಿಸಿ, ಇಂಕು ತುಂಬಿ, ಅವರ ಕೈಗೆ ಕೊಟ್ಟೆ.

ಹಳೇ ಪೇಪರಿನ ಸುದ್ದಿಯೊಂದನ್ನು ಮುಂದಿಟ್ಟುಕೊಂಡು ಅವರು ಹಾಳೆಯ ಮೇಲೆ ಅದನ್ನೇ ಬರೆಯುತ್ತಾ ಹೋದರು. ಅರ್ಧ ಹಾಳೆ ಬಂತು. ದಾಟಿತು. ಹಾಳೆ ತುಂಬಿತು, ಹಿಂಬದಿ ತಿರುಗಿಸಿದರು, ಅದೂ ತುಂಬಿತು. ಒಂದು ಗೀರೂ ತಪ್ಪಲಿಲ್ಲ. "ನೋಡಿದ್ರಾ, ನೋಡಿದ್ರಾ!" ಅಂತ ಆ ಅಮ್ಮ ಕೈ ತಟ್ಟಿದರು. "ಸೋಮವಾರ ಆಗ್ಲಿ ಬಿಡಿ, ಹುಣ್ಣು ತಾನೆ, ತೆಗೆಸ್ಕೊಂಡು ಬರೋಣ. ಸಾಬ್ರೇ, ಟೀ ಕುಡೀದೆ ಹೋದ್ರೆ ನೋಡಿ ಮತ್ತೆ!" ಅಂತ ಅಡುಗೆಮನೆಗೆ ಹೋದರು. ಒಳಗಿನಿಂದ ಪಾತ್ರೆಯ ಸದ್ದು ಬಂತು.

ಯಜಮಾನರು ನನ್ನ ಮಣಿಕಟ್ಟು ಹಿಡಿದರು. ಮುಖ ಹತ್ತಿರ ತಂದು, ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು.

"ನೀವು ಹೇಳಿದ್ದು ಸುಳ್ಳಲ್ಲ ಸಾಬ್ರೇ."

ನನಗೆ ಅರ್ಥವಾಗಲಿಲ್ಲ.

"ಪೂರ್ತಿ ತೆಗೀಬೇಕಂತೆ. ಆವತ್ತೇ ಹೇಳಿದ್ರು, ನಂಗೊಬ್ನಿಗೇ. ಫೋನ್ ಬರುತ್ತೆ ಅಂತ ಅವಳಿಗೆ ಸುಳ್ಳು ಹೇಳಿದ್ದು ನಾನು."

ನಾನು ಅಡುಗೆಮನೆಯ ಕಡೆ ನೋಡಿದೆ. ಅವರು ಏನೋ ಗುನುಗುತ್ತಿದ್ದರು.

"ಮೆಸೇಜು ಕೇಳಿದಾಗ ಆಸ್ಪತ್ರೆಯೋರೇ ಅಂದ್ಕೊಂಡೆ. ಸದ್ಯ, ಗೊತ್ತಾಯ್ತು ಅವಳಿಗೆ, ನಾನು ಹೇಳೋದು ತಪ್ಪಿತು ಅಂತ ಹೊಳೆ ತನಕ ನಡ್ಕೊಂಡು ಹೋಗ್ಬಂದೆ. ಎಷ್ಟೋ ದಿನದ ಮೇಲೆ ಮೈ ಹಗುರ ಆಗಿತ್ತು." ಬಾಯಿ ಒರೆಸಿಕೊಂಡರು. "ನೀವು ಬಂದು ಅದನ್ನ ವಾಪಸ್ ತಗೊಂಡ್ಬಿಟ್ರಿ."

ಕ್ಷಮೆ ಕೇಳಬೇಕಾ, ಯಾವುದಕ್ಕೆ ಅಂತ ಕೇಳಬೇಕು? ಅವರು ಹೊಸ ಹಾಳೆ ಎಳೆದುಕೊಂಡು, ಪೆನ್ನನ್ನು ಆ ಮಡಚದ ಬೆರಳುಗಳ ನಡುವೆ ಸಿಕ್ಕಿಸಿಕೊಂಡರು.

"ಮಧ್ಯದಲ್ಲಿ ನಿಲ್ಲಲ್ಲ ತಾನೆ?"

"ಇಲ್ಲ ಯಜಮಾನ್ರೇ. ಗ್ಯಾರಂಟಿ."

ಆ ಅಮ್ಮ ಟೀ ತಂದರು. ನನ್ನ ಕೈಗೆ ಲೋಟ ಕೊಟ್ಟು, ಗಂಡನ ಹೆಗಲ ಮೇಲಿಂದ ಬಗ್ಗಿ ನೋಡಿ, "ಈಗ್ಲೇ ಶುರು ಹಚ್ಕೊಂಡ್ರಾ ಬರೆದು ಮಾತಾಡೋಕೆ?" ಅಂತ ನಕ್ಕರು. ಯಜಮಾನರು ಬರೆದ ಹಾಗೆ ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದತೊಡಗಿದರು. "ಕೂತ್ಕೋ. ಕೂತ್ಕೋ ಅಂತೆ ನೋಡಿ ಸಾಬ್ರೇ, ದರ್ಬಾರು! ಸಾಬ್ರು ಹೇಳಿದ್ದು ಪೆನ್ನಿನ ವಿಷಯ. ಹೂಂ, ಗೊತ್ತಾಯ್ತಲ್ಲ. ಆದ್ರೆ ಡಾಕ್ಟ್ರು ನಂಗೆ ಆವತ್ತೇ..."

ಅವರ ಓದು ನಿಂತಿತು. ಪೆನ್ನು ನಿಲ್ಲಲಿಲ್ಲ.